ಅಳಿಯನ ಸಮುದ್ರ, ಅತ್ತೆಯ ಉಪ್ಪು

ನಮ್ಮ ಮನೆಯ ಜೋಳದ ಹಿಟ್ಟು ಇರುವುದು ಸಮುದ್ರದ ಡಬ್ಬಿಯಲ್ಲಿ. ಬಿಳಿ ಪ್ಲಾಸ್ಟಿಕ್ಕಿನ, ನೀಲಿ ಮುಚ್ಚಳದ ಆ ದೊಡ್ಡ ಡಬ್ಬಿಯ ಮೈಮೇಲೆ ಹವಳದ ಚಿತ್ರವಿದೆ, ಅದರ ಪಕ್ಕದಲ್ಲಿ ಹಲ್ಲು ಕಿಸಿಯುವ ಒಂದು ಮೀನು. ದಿನಾ ಬೆಳಿಗ್ಗೆ ರೊಟ್ಟಿ ಬಡಿಯಲು ಕೂತಾಗ ಆ ಮೀನು ನನ್ನ ಮುಖ ನೋಡುತ್ತದೆ, ನಾನು ಅದರ ಮುಖ ನೋಡುತ್ತೇನೆ, ನನಗೆ ನಗು ಬರುತ್ತದೆ. ಮೊನ್ನೆ ಮೊಮ್ಮಗಳು ಅಕ್ಷತಾ ಇದನ್ನು ಕಂಡು, "ಮಮ್ಮೀ, ಆಯಿ ಹಿಟ್ಟಿನ ಡಬ್ಬಿ ನೋಡಿ ನಗಾಕತ್ತಾಳ, ಏನೋ ಆಗ್ಯಾದ" ಎಂದು ಮನೆಯೆಲ್ಲ ಕೂಗಿದಳು.

ಏನೂ ಆಗಿಲ್ಲ ಮಕ್ಕಳೇ. ನಿಮಗೆ ಅರ್ಧ ಕತೆ ಮಾತ್ರ ಗೊತ್ತು. ಉಳಿದರ್ಧ ಹೇಳಲು ನನಗೆ ನಾಚಿಕೆ. ಬಾಯಿಂದ ಬಾರದ್ದು ಕೈಯಿಂದ ಬರುತ್ತದೆ ಎಂದು ಬಸುವಿನ ಹಳೆಯ ನೋಟುಬುಕ್ಕಿನ ಹಿಂದಿನ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಮುಂದಿನ ಹಾಳೆಗಳಲ್ಲಿ ಅವನ ಗಣಿತವಿದೆ. ಅದನ್ನು ಮೊದಲು ಓದಿದರೆ ನನ್ನ ತಪ್ಪುಗಳು ಅಷ್ಟೇನೂ ದೊಡ್ಡವೆನಿಸುವುದಿಲ್ಲ.

ಸಮುದ್ರದ ಮಾತು ಬಂದರೆ ನನಗೆ ಕಮಲಾಪುರದ ಸಾಲೆ ನೆನಪಾಗುತ್ತದೆ. ಕಮಲಾಪುರದವರಿಗೆ ಕೆಂಪು ಬಾಳೆಹಣ್ಣು ಗೊತ್ತು, ಸಂತೆ ಗೊತ್ತು, ಕಲಬುರಗಿ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದು ಗೊತ್ತು. ಸಮುದ್ರ ಗೊತ್ತಿಲ್ಲ. ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಒಂದು ದಿನ ನಮ್ಮ ಮಾಸ್ತರರು, "ಸಮುದ್ರ ನೋಡಿದವರು ಕೈ ಎತ್ತರಿ" ಎಂದರು. ಯಾರೂ ಎತ್ತಲಿಲ್ಲ. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಚಂದಮ್ಮ ಎದ್ದು ನಿಂತು, "ಮೊದಲ ನೀವು ಎತ್ತರಿ ಮಾಸ್ತರ್ರ" ಎಂದಳು. ಮಾಸ್ತರರೂ ಎತ್ತಲಿಲ್ಲ. ಕರಿಹಲಗೆಯ ಮೇಲೆ ಹಾವು ಹರಿದಂತೆ ಒಂದು ಗೆರೆ ಎಳೆದು, ಅದರ ಕೆಳಗೆ 'ಸಮುದ್ರ' ಎಂದು ಬರೆದು, ಚಂದಮ್ಮನನ್ನು ಹೊರಗೆ ನಿಲ್ಲಿಸಿದರು. ಉಪ್ಪುನೀರು ಬಿಸಿಲಿಗೆ ಕಾದು ನೀರು ಹೇಗೆ ಆವಿಯಾಗುತ್ತದೆ ಎಂಬ ಪಾಠವನ್ನೂ ಅವರೇ ಮಾಡಿದರು. ಆ ಪಾಠದ ಪರೀಕ್ಷೆಯಲ್ಲಿ ನನಗೆ ಹತ್ತಕ್ಕೆ ಹತ್ತು. ಇದನ್ನು ಈಗಲೇ ಯಾಕೆ ಹೇಳಿದೆ ಎಂದು ಆಮೇಲೆ ನಿಮಗೇ ತಿಳಿಯುತ್ತದೆ, ತಿಳಿದಾಗ ನನ್ನ ಮುಖ ನೋಡಬೇಡಿ.

ನಿಮಗಿಂತ ಮೊದಲು ನಮ್ಮ ಮನೆತನದಲ್ಲಿ ಸಮುದ್ರ ನೋಡಿದವರು ನಿಮ್ಮ ಅಜ್ಜ ಒಬ್ಬರೇ. ಯಾರದೋ ಮದುವೆಗೆಂದು ಮುಂಬಯಿಗೆ ಹೋಗಿ ಬಂದರು. ಬಾಗಿಲಲ್ಲಿ ಕಾಲು ತೊಳೆಯಲು ನೀರು ಕೊಡುತ್ತಲೇ ನಾನು ಆಸೆಯಿಂದ, "ಸಮುದ್ರ ಹ್ಯಾಂಗ ಅದರಿ?" ಎಂದು ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿ, "ನೀರು ಭಾಳ ಅದ. ಕುಡಿಲಾಕ ಬರಂಗಿಲ್ಲ" ಎಂದರು. ಅಷ್ಟೇ. ನಲವತ್ತು ವರ್ಷದ ಸಂಸಾರದಲ್ಲಿ ಎಷ್ಟು ಸಲ ಕೇಳಿದರೂ ಅದಕ್ಕೆ ಒಂದು ಮಾತು ಸೇರಿಸಲಿಲ್ಲ.

ಹವಳ ಮಾತ್ರ ನನಗೆ ಚಿಕ್ಕಂದಿನಿಂದ ಗೊತ್ತು, ಅಂದರೆ ಗೊತ್ತು ಎಂದುಕೊಂಡಿದ್ದೆ. ನಮ್ಮ ಅಜ್ಜಿಯ ಕೊರಳಲ್ಲಿ ಹವಳದ ಸರ ಇತ್ತು. ಗುಲಗಂಜಿ ಗಿಡದಲ್ಲಿ ಆಗುವಂತೆ ಹವಳವೂ ಯಾವುದೋ ಗಿಡದಲ್ಲಿ ಆಗುತ್ತದೆ, ಬಂಗಾರದ ಕೆಲಸದ ಪತ್ತಾರರು ಹೋಗಿ ಹರಿದುಕೊಂಡು ಬರುತ್ತಾರೆ ಎಂದು ನನ್ನ ಎಣಿಕೆ. ಅದು ಜೀವಂತ ಪ್ರಾಣಿಗಳು ಕಟ್ಟಿದ ಮನೆಯೆಂದು ನಿಮ್ಮ ಅಪ್ಪ ಒಂದು ದಿನ ನಿಮಗೆ ಹೇಳುತ್ತಿದ್ದಾಗ, ನಾನು ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಕೇಳಿ ಗಾಬರಿಯಾದೆ. ವಿಭೂತಿ ಹಚ್ಚಿಕೊಳ್ಳದೆ ತುತ್ತು ಎತ್ತದ ಆ ಮುದುಕಿ ಅರವತ್ತು ವರ್ಷ ಕೊರಳಲ್ಲಿ ಹುಳದ ಗೂಡು ಕಟ್ಟಿಕೊಂಡು ಓಡಾಡಿದ್ದಳು!

ಬಾಗಿಲ ಮರೆಯಲ್ಲಿ ಯಾಕೆ ನಿಂತಿದ್ದೆ ಎಂದರೆ, ಅಳಿಯನ ಮುಂದೆ ಅತ್ತೆ ನಿಲ್ಲಬಾರದು, ಅದಕ್ಕೆ. ನಿಮ್ಮ ಅವ್ವ ಸುವರ್ಣಾಳನ್ನು ನನ್ನ ತಮ್ಮನಿಗೇ ಕೊಟ್ಟಿದ್ದರೆ ಅವನನ್ನು ಬೈದುಕೊಂಡು ಆರಾಮಾಗಿ ಇರಬಹುದಿತ್ತು. ಆದರೆ ನಿಮ್ಮ ಅಪ್ಪ ಹೊರಗಿನ ಸಂಬಂಧ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವವರು, ಮೆತ್ತಗಿನ ಮಾತಿನವರು. ನನ್ನ ಕಾಲದಲ್ಲಿ ಅಳಿಯ ಬಂದರೆ ಅತ್ತೆ ತಲೆಯ ಮೇಲೆ ಸೆರಗು ಎಳೆದುಕೊಂಡು ಒಳಗೆ ಸರಿಯಬೇಕು, ಮಾತಾಡಬೇಕಾದರೆ ನಡುವೆ ಯಾರಾದರೂ ಇರಬೇಕು. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಸೇಡಂ ರಸ್ತೆಯ ಈ ಮನೆಗೆ ಬಂದೆ. ಅತ್ತೆ ಅಳಿಯನ ಮನೆಯಲ್ಲೇ ಉಳಿದರೆ ಏನು ಮಾಡಬೇಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೀಗಾಗಿ ನಾಲ್ಕು ವರ್ಷ ನಾನು ಅವರು ಹಾಲಿಗೆ ಬಂದರೆ ಅಡುಗೆಮನೆಗೆ, ಅಡುಗೆಮನೆಗೆ ಬಂದರೆ ಹಿತ್ತಲಿಗೆ ಹೋಗುತ್ತ ಇದ್ದೆ. ಅವರಿಗೂ ನನ್ನಷ್ಟೇ ನಾಚಿಕೆ. ನಾನು ಹಿತ್ತಲಲ್ಲಿದ್ದರೆ ಅವರು ಕೈ ತೊಳೆಯಲು ಮುಂದಿನ ನಳಕ್ಕೆ ಹೋಗುತ್ತಿದ್ದರು.

ನೀವಿಬ್ಬರೂ ಮನೆಯಲ್ಲಿದ್ದಾಗ ನಡೆಯುತ್ತಿತ್ತು. "ಬಸು, ಆಯಿಗಿ ಚಹಾ ಬೇಕೇನ ಕೇಳು." "ಬಸು, ಬ್ಯಾಡಂತ ಹೇಳು." ಬಸು ಎಲ್ಲೂ ಹೋಗುತ್ತಿರಲಿಲ್ಲ, ಏನೂ ಹೇಳುತ್ತಿರಲಿಲ್ಲ, ನಡುವೆ ಕೂತು ಬಿಸ್ಕೀಟು ತಿನ್ನುತ್ತಿದ್ದ, ಅಷ್ಟಕ್ಕೇ ನಮ್ಮ ಮರ್ಯಾದೆ ಉಳಿಯುತ್ತಿತ್ತು. ನೀವು ಸಾಲೆಗೆ ಹೋದ ಮೇಲೆ ಮನೆ ಮೂಕವಾಗುತ್ತಿತ್ತು.

ಆ ನಾಲ್ಕು ವರ್ಷದ ನಡುವೆ ಬಂತು ಮೀನಿನ ತೊಟ್ಟಿ. ನೀವು ನಾಯಿ ಬೇಕೆಂದು ಅತ್ತಿರಿ. ನಿಮ್ಮ ಅವ್ವ ನಾಯಿ ಬಂದರೆ ತಾನು ಹೋಗುತ್ತೇನೆ ಎಂದಳು. ನಿಮ್ಮ ಅಪ್ಪ ಅಕ್ಷತಾಳನ್ನು ಕರೆದುಕೊಂಡು ಹೈದರಾಬಾದಿಗೆ ಹೋಗಿ, ಉಪ್ಪುನೀರಿನ ತೊಟ್ಟಿ, ತೂತು ತೂತಿನ ಕಲ್ಲುಗಳು, ಎರಡು ಕಿತ್ತಳೆ ಬಣ್ಣದ ಮೀನು, ಒಂದಿಷ್ಟು ಮೆದು ಹವಳ, ಒಂದು ಬಸವನಹುಳ ತಂದರು. "ಇದಕ್ಕ ಭಾಳ ಕೆಲಸ ಇಲ್ಲ. ಮೆದು ಹವಳ ಹಟ ಮಾಡಂಗಿಲ್ಲ. ಲೈಟು, ಹೀಟರು, ಫ್ಯಾನು ಎಲ್ಲಾ ತಾವs ನಡೀತಾವ. ನಾವು ಸುಮ್ಮ ಕೂತು ನೋಡೋದು" ಎಂದರು. ಮೀನುಗಳಿಗೆ ನೀವು ಲಡ್ಡು, ಜಿಲೇಬಿ ಎಂದು ಹೆಸರಿಟ್ಟಿರಿ. ಹವಳಗಳಿಗೆ ನಾನು ಮನಸ್ಸಿನಲ್ಲೇ ಹೆಸರಿಟ್ಟೆ. ಅಂಗಿಯ ಗುಂಡಿಗಳಂತೆ ಒತ್ತೊತ್ತಾಗಿ ಅರಳುವವು ಗುಂಡಿಹೂ. ಪುಟ್ಟ ಬೆರಳುಗಳನ್ನು ಮುಚ್ಚಿ ಬಿಚ್ಚಿ ಮಾಡುವವು ಕಮಲಾಪುರದ ರಸ್ತೆಯಲ್ಲಿ ನಿಂತು ಬಸ್ಸಿಗೆ ಕೈ ಮಾಡುವ ಜನ. ಅಕ್ಷತಾ ಹೈದರಾಬಾದಿನಿಂದ ತೊಡೆಯ ಮೇಲಿಟ್ಟುಕೊಂಡು ತಂದ, ಅಣಬೆಯಂಥ ಅಗಲವಾದ ಹವಳವೇ ಹಪ್ಪಳ. ಅದು ಅವಳ ಹುಟ್ಟುಹಬ್ಬದ್ದು. ದಿನಾ ಸಾಲೆಗೆ ಹೋಗುವಾಗ ಅದಕ್ಕೆ ಟಾಟಾ ಹೇಳುತ್ತಿದ್ದಳು, ನನಗೆ ಹೇಳಲು ಒಮ್ಮೊಮ್ಮೆ ಮರೆಯುತ್ತಿದ್ದಳು.

ಆ ಮೀನುಗಳು ಏನು ತಿನ್ನುತ್ತವೆ ಎಂದು ಕೇಳಿದಾಗ ನಿಮ್ಮ ಅವ್ವ, "ಜೋಳದ ನುಚ್ಚು" ಎಂದಳು. ಒಂದು ವರ್ಷ ನಂಬಿದ್ದೆ. ಒಂದು ದಿನ ಅವುಗಳ ತಿನಿಸಿನ ಡಬ್ಬಿ ಮೂಸಿ ನೋಡಿದೆ, ಒಣಮೀನಿನ ವಾಸನೆ. ಆ ಹೊತ್ತಿನ ಊಟ ಬಿಟ್ಟೆ.

ಮೀನು ಬಂದದ್ದರಿಂದ ಎಲ್ಲರಿಗಿಂತ ಹೆಚ್ಚು ಲಾಭವಾದದ್ದು ನನಗೂ ನಿಮ್ಮ ಅಪ್ಪನಿಗೂ. ಒಂದು ಬೆಳಿಗ್ಗೆ ಅವರು ತೊಟ್ಟಿಯ ಮುಂದೆ ನಿಂತು, "ಜಿಲೇಬಿ, ಇವತ್ತ ನಾ ಬರೋದು ಜರಾ ತಡಾ ಆಗ್ತದ" ಎಂದರು. ಬಾಗಿಲ ಮರೆಯಿಂದ ನಾನು, "ಜಿಲೇಬಿ, ಹಂಗಾರ ರೊಟ್ಟಿ ಮುಚ್ಚಿಟ್ಟಿರ್ತೀನಿ" ಎಂದೆ. ಜಿಲೇಬಿ ಬಾಯಿ ತೆರೆದು ಮುಚ್ಚಿ ತೆರೆದು ಮುಚ್ಚಿ ಎರಡೂ ಕಡೆಗೆ ಹೂಂಗುಟ್ಟಿತು. ಅಂದಿನಿಂದ ನಮ್ಮ ಮನೆಯ ವ್ಯವಹಾರವೆಲ್ಲ ಅದರ ಮೂಲಕವೇ. ಹಾಲಿನವನು ಬರಲಿಲ್ಲ, ಗ್ಯಾಸು ಮುಗಿಯಿತು, ಅಳಿಯನ ಅಂಗಿಯ ಗುಂಡಿ ಬಿದ್ದಿದೆ, ಅತ್ತೆಯ ಮೊಣಕಾಲಿನ ಎಣ್ಣೆ ತಂದಿದೆ. ಇಷ್ಟೊಂದು ಸಂಸಾರ ತಿಳಿದ ಮೀನು ಯಾವ ಸಮುದ್ರದಲ್ಲೂ ಇರಲಿಕ್ಕಿಲ್ಲ.

ಆ ಬೇಸಿಗೆ ನೀವೆಲ್ಲ ಕಾರವಾರದ ಸಮುದ್ರ ನೋಡಲು ಹೊರಟಿರಿ. ನನ್ನನ್ನೂ ಕರೆದಿರಿ. ಒಂದೇ ಕಾರಿನಲ್ಲಿ, ಅಳಿಯನ ಹಿಂದಿನ ಸೀಟಿನಲ್ಲಿ, ಬೆಳಗಿನಿಂದ ಸಂಜೆವರೆಗೆ ತಲೆಯ ಮೇಲೆ ಸೆರಗು ಹೊದ್ದು ಬಾಯಿ ಮುಚ್ಚಿ ಕೂರುವುದನ್ನು ನೆನೆಸಿಕೊಂಡು ನಾನು, "ಮೀನ ನೋಡಾವ್ರು ಯಾರು?" ಎಂದೆ. ಅದೇ ನೆವವಾಯಿತು. ಎಂಟು ದಿನ ಸಮುದ್ರ ಕಾಯುವ ಕೆಲಸ ನನ್ನ ಪಾಲಿಗೆ ಬಂತು.

ನಿಮ್ಮ ಅವ್ವ ಫ್ರಿಜ್ಜಿಗೆ ಒಂದು ಚೀಟಿ ಅಂಟಿಸಿದಳು. ದಿನ ಬಿಟ್ಟು ದಿನ ಒಂದು ಚಿಟಿಕೆ ಮೀನಿನ ತಿನಿಸು, ಮತ್ತೇನೂ ಮಾಡಬೇಡ. 'ಏನೂ' ಎಂಬುದರ ಕೆಳಗೆ ಎರಡು ಗೆರೆ. ನಿಮ್ಮ ಅಪ್ಪ ಕಾರು ಹತ್ತುವ ಮೊದಲು ತೊಟ್ಟಿಯ ಮುಂದೆ ನಿಂತು ಸ್ವಲ್ಪ ಎತ್ತರದ ದನಿಯಲ್ಲಿ, "ಜಿಲೇಬಿ, ನೀರು ಕಡಿಮಿ ಆದ್ರ ಈ ಗೆರಿ ತನಕ ತುಂಬಬೇಕು. ನೀರು ಮೂಲ್ಯಾಗ ಇಟ್ಟೀನಿ" ಎಂದರು.

ಮೂಲೆಯಲ್ಲಿ ಎರಡು ನೀರು ಇದ್ದವು. ಒಂದು ಕ್ಯಾನಿನಲ್ಲಿ ಬರೀ ಫಿಲ್ಟರ್ ನೀರು. ಒಂದು ಬಕೆಟಿನಲ್ಲಿ ಕಲಸಿಟ್ಟ ಉಪ್ಪುನೀರು. ಯಾವ ನೀರು ಎಂದು ಜಿಲೇಬಿ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಕೇಳುವುದೇನಿದೆ ಎಂದುಕೊಂಡೆ. ಐವತ್ತು ವರ್ಷ ಉಪ್ಪಿನಕಾಯಿ ಹಾಕಿದ ಕೈ ಇದು. ಭರಣಿಯಲ್ಲಿ ರಸ ಕಡಿಮೆಯಾದರೆ ಉಪ್ಪುನೀರು ಕಾಯಿಸಿ ಆರಿಸಿ ಹಾಕಬೇಕು. ಬರೀ ನೀರು ಹಾಕಿದರೆ ಬೂಸು ಬಂದು ಭರಣಿಯೇ ಹೋಗುತ್ತದೆ, ಇದು ನಮ್ಮ ಅವ್ವ ಬೆನ್ನಿಗೆ ಗುದ್ದಿ ಕಲಿಸಿದ್ದು. ಅಳಿಯನ ಸಮುದ್ರಕ್ಕೆ ಬರೀ ನೀರು ಹಾಕಿ ಬೂಸು ತರಿಸಲೇ?

ನಮ್ಮ ಕಲಬುರಗಿಯ ಬಿಸಿಲು ನಿಮಗೆ ಗೊತ್ತಲ್ಲ. ತೊಟ್ಟಿ ತಂಪಾಗಲೆಂದು ಅದರ ಮೇಲೆ ಹಗಲೂ ರಾತ್ರಿ ಫ್ಯಾನು. ಬೆಳಿಗ್ಗೆ ಎದ್ದು ನೋಡಿದರೆ ನೀರು ಗೆರೆಯಿಂದ ಎರಡು ಬೆರಳು ಕೆಳಗೆ. ನಾನು ಉಪ್ಪುನೀರು ತುಂಬಿದೆ. ಮರುದಿನವೂ ತುಂಬಿದೆ. ಮೂರನೆಯ ದಿನಕ್ಕೆ ಬಕೆಟು ಖಾಲಿಯಾಯಿತು. ಉಪ್ಪಿನ ಡಬ್ಬಿ, ಅದೇ ಹಲ್ಲು ಕಿಸಿಯುವ ಮೀನಿನದು, ಪಕ್ಕದಲ್ಲೇ ಇತ್ತು. ಫಿಲ್ಟರ್ ನೀರಿಗೆ ನಾನೇ ಕಲಸಿದೆ, ಕೈ ಅಂದಾಜಿನ ಮೇಲೆ. ಬೇಸಿಗೆ ಎಂದು ಒಂದು ಹಿಡಿ ಹೆಚ್ಚಿಗೆ.

ಅದೇ ಮೂರನೆಯ ದಿನ ಕಮಲಾಪುರದಿಂದ ಚಂದಮ್ಮ ಬಂದಳು, ಮಾಸ್ತರರಿಗೆ ಕೈ ಎತ್ತಲು ಹೇಳಿದ ಚಂದಮ್ಮನೇ. ನಾನು ಒಬ್ಬಳೇ ಇದ್ದೇನೆಂದು ನಾಲ್ಕು ದಿನ ಜೊತೆಗಿರಲು ಕೆಂಪು ಬಾಳೆಯ ಒಂದು ಚಿಪ್ಪು ಹೊತ್ತು ತಂದಿದ್ದಳು. ಚಪ್ಪಲಿ ಬಿಟ್ಟವಳೇ ತೊಟ್ಟಿಗೆ ಮೂಗು ಹಚ್ಚಿದಳು.

"ಯವ್ವಾ ನೀಲಿ, ಟಿವ್ಯಾಗ ನೀರ ಬಿಟ್ಟಂಗ ಅದಲ್ಲs! ಇದೇನ, ಗಿಡ ಏನ, ಕಲ್ಲ ಏನ?" ಎಂದಳು. ನೀಲಿ ಎಂದರೆ ನಾನೇ.

"ಪ್ರಾಣಿ ಅಂತ."

"ನಡಿಯಂಗಿಲ್ಲ?"

"ಇಲ್ಲ. ಕೂತಲ್ಲೇ ಇರ್ತದ. ಲೈಟ್ ಹತ್ತಿದ್ರ ಅರಳ್ತದ, ಆರಿದ್ರ ಮುಚ್ಕೋತದ."

"ಬಾಯಿಗಿ ಬಂದಿದ್ದ ತಿಂತದ, ಕೂತಲ್ಲೇ ಕೂಡ್ತದ. ನಮ್ಮ ಮನಿಯಾಂವ ಇದ್ದಂಗ ಅದ ಬಿಡು" ಎಂದು ಚಂದಮ್ಮ ಒಂದು ಬಾಳೆಹಣ್ಣು ಸುಲಿದು ಒಂದು ತುಂಡು ಮುರಿದಳು. ನಾನು ಅವಳ ಕೈ ಹಿಡಿದೆ. "ಹುಚ್ಚೀ, ಒಂದ ತುಣುಕ, ಪಾಪ, ಜನ್ಮದಾಗ ಕೆಂಪ ಬಾಳಿ ತಿಂದಿರಂಗಿಲ್ಲ" ಎಂದಳು. ಅವಳನ್ನು ತೊಟ್ಟಿಯಿಂದ ದೂರ ಕೂರಿಸುವಷ್ಟರಲ್ಲಿ ನನಗೆ ಬೆವರಿಳಿಯಿತು. ಏನೂ ಮಾಡದೆ ಇರುವುದು ಇಷ್ಟು ಕಷ್ಟದ ಕೆಲಸವೆಂದು ಆವತ್ತು ತಿಳಿಯಿತು.

ಐದನೆಯ ದಿನ ಬೆಳಿಗ್ಗೆ ಲೈಟು ಹತ್ತಿತು, ಹವಳ ಅರಳಲಿಲ್ಲ. ಗುಂಡಿಹೂಗಳು ಬಿಗಿಯಾಗಿ ಮುಚ್ಚಿದ್ದವು. ಬಸ್ಸಿಗೆ ಕೈ ಮಾಡುವವರು ಕೈ ಕೆಳಗೆ ಬಿಟ್ಟು ನಿಂತಿದ್ದರು, ಬಸ್ಸು ಬರುವುದಿಲ್ಲ ಎಂದು ಗೊತ್ತಾದವರ ಹಾಗೆ. ಹಪ್ಪಳ ಮಡಚಿಕೊಂಡು ಮುಷ್ಟಿಯಷ್ಟಾಗಿ ಒಂದು ಕಡೆ ವಾಲಿತ್ತು. ಜಿಲೇಬಿಯೂ ಲಡ್ಡುವೂ ಮೂಲೆಯಲ್ಲಿ ಉಸಿರು ಬಿಡುತ್ತ ನಿಂತಿದ್ದವು. ನನಗೆ ಅಕ್ಷತಾಳ ಮುಖ ಕಣ್ಣಿಗೆ ಕಟ್ಟಿತು. ಇನ್ನು ಮೂರು ದಿನಕ್ಕೆ ಬರುವವಳು, ಚಪ್ಪಲಿ ಬಿಡುವ ಮೊದಲು ಓಡಿ ಬಂದು ನೋಡುವುದು ಹಪ್ಪಳವನ್ನೇ. ನನ್ನ ಕೈಗೆ ಕೊಟ್ಟು ಹೋಗಿದ್ದಳು.

"ದೃಷ್ಟಿ ಆಗ್ಯಾದ" ಎಂದಳು ಚಂದಮ್ಮ.

"ಯಾರ್ದs? ಮನ್ಯಾಗ ಇರಾವ್ರು ನಾನು, ನೀನು."

"ನನ್ನ ಕಣ್ಣ ಮೊದಲಿಂದ ಕೆಟ್ಟ. ನಮ್ಮ ಎಮ್ಮಿ ಸೈತ ನನ್ನ ದೃಷ್ಟಿಗೇ ಬತ್ತಿದ್ದು" ಎಂದು ಅಭಿಮಾನದಿಂದ ಹೇಳಿ, ಚಂದಮ್ಮ ಅಡುಗೆಮನೆಗೆ ಹೋಗಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ಬಂದಳು. ತೊಟ್ಟಿಯ ಮುಂದೆ ಮೂರು ಸಲ ನಿವಾಳಿಸಿದಳು. ಒಲೆಯ ಮೇಲೆ ಸುಟ್ಟಳು. ದೃಷ್ಟಿಯಾಗಿದ್ದರೆ ಮೆಣಸಿನಕಾಯಿ ಘಾಟು ಬರುವುದಿಲ್ಲ ಎನ್ನುತ್ತಾರೆ. ಹಾಗಾದರೆ ದೃಷ್ಟಿ ಆಗಿರಲಿಲ್ಲ. ಇಬ್ಬರೂ ಕೆಮ್ಮಿ ಕೆಮ್ಮಿ, ಕಣ್ಣು ಮೂಗು ಒರೆಸಿಕೊಳ್ಳುತ್ತ ಮಾಳಿಗೆಗೆ ಓಡಿದೆವು.

ಮಾಳಿಗೆಯ ಕಟ್ಟೆಯ ಮೇಲೆ ತಾಮ್ರದ ಚೊಂಬು ಇತ್ತು. ಹಿಂದಿನ ದಿನ ತೊಟ್ಟಿಗೆ ನೀರು ಹಾಕಿ, ಸಂಡಿಗೆ ಒಣಹಾಕಲು ಬಂದಾಗ ಅಲ್ಲೇ ಮರೆತಿದ್ದೆ. ಒಂದಿಷ್ಟು ಉಪ್ಪುನೀರು ತಳದಲ್ಲಿ ಉಳಿದಿತ್ತು. ಈಗ ನೋಡಿದರೆ ನೀರಿಲ್ಲ. ತಳದಲ್ಲಿ ಬೆಳ್ಳಗೆ ಉಪ್ಪು ಕೂತಿತ್ತು.

ನೀರು ಹಾರಿತ್ತು. ಉಪ್ಪು ಹಾರಿರಲಿಲ್ಲ.

ನಾನು ಚೊಂಬು ಹಿಡಿದುಕೊಂಡೇ ಬಿಸಿಲಲ್ಲಿ ಕೂತುಬಿಟ್ಟೆ. ಭರಣಿಯಲ್ಲಿ ರಸ ಕಡಿಮೆಯಾಗುವುದು ನಾವು ತಿಂದು ಖಾಲಿ ಮಾಡುವುದರಿಂದ. ಅದರ ಜೊತೆ ಉಪ್ಪೂ ಹೋಗುತ್ತದೆ. ಸಮುದ್ರವನ್ನು ಯಾರೂ ರೊಟ್ಟಿಗೆ ಹಚ್ಚಿಕೊಂಡು ತಿಂದಿರಲಿಲ್ಲ. ನೀರಷ್ಟೇ ಹಾರಿತ್ತು, ನಾನು ದಿನಾ ಉಪ್ಪು ಸೇರಿಸುತ್ತ ಹೋಗಿದ್ದೆ. ಹತ್ತಕ್ಕೆ ಹತ್ತು!

"ಚಂದೀ, ನಾ ಅದನ್ನ ಉಪ್ಪಿನಕಾಯಿ ಹಾಕೀನಿ" ಎಂದೆ.

ಕೆಳಗೆ ಬಂದು, ನಿಮ್ಮ ಅಪ್ಪ ಉಪ್ಪು ಅಳೆಯುವ ಸೂಜಿಯ ಪೆಟ್ಟಿಗೆಯಲ್ಲಿ ತೊಟ್ಟಿಯ ನೀರು ತುಂಬಿ ನೋಡಿದೆ. ಸೂಜಿ ಹಸಿರು ಪಟ್ಟಿಯಲ್ಲಿ ನಿಲ್ಲಬೇಕು ಎಂಬುದನ್ನು ಬಾಗಿಲ ಮರೆಯಿಂದ ಕಲಿತಿದ್ದೆ. ಅದು ಹಸಿರು ದಾಟಿ ಕೆಂಪಿಗೆ ಹೋಗಿ ಕೂತಿತ್ತು. ಚಂದಮ್ಮ ತಕ್ಷಣ ಒಂದು ಕೊಡ ಎತ್ತಿಕೊಂಡು ಬಂದಳು. "ಸರಿ, ಸಾರಿಗಿ ಉಪ್ಪ ಹೆಚ್ಚಾದ್ರ ನೀರ ಹಾಕಂಗಿಲ್ಲೇನ? ಸುರುವು!" ಆದರೆ ನನಗೆ ಧೈರ್ಯವಾಗಲಿಲ್ಲ. ಸಾರಿನಲ್ಲಿ ಯಾರೂ ಉಸಿರಾಡುತ್ತಿರುವುದಿಲ್ಲ. ಎಷ್ಟು ಹಾಕಬೇಕು, ಹೇಗೆ ಹಾಕಬೇಕು, ಕೇಳಲೇಬೇಕಿತ್ತು.

ಯಾರನ್ನು? ಸುವರ್ಣಾಳ ಫೋನು ಎರಡನೆಯ ದಿನವೇ ಬಸುವಿನ ಕೈಯಿಂದ ಸಮುದ್ರಕ್ಕೆ ಬಿದ್ದು ಸತ್ತಿತ್ತು. ಉಳಿದದ್ದು ನಿಮ್ಮ ಅಪ್ಪನ ಫೋನು ಒಂದೇ. ಸಂಜೆ ಅದರಿಂದಲೇ ನೀವು ನನ್ನ ಜೊತೆ ಮಾತಾಡುತ್ತಿದ್ದಿರಿ.

"ಸಂಜಿಗಿ ಹುಡುಗ್ರು ಮಾತಾಡ್ತಾರ, ಆಗ ಕೇಳ್ತೀನಿ" ಎಂದೆ.

"ಸಂಜೀತನ ಅದು ಸತ್ತರ? ಅಳಿಯ ಏನ ಹುಲಿ ಏನs? ಮಾಡು ಫೋನ!"

ನಾನು ಎದ್ದು ನಿಂತೆ. ತಲೆಯ ಮೇಲೆ ಸೆರಗು ಎಳೆದುಕೊಂಡೆ. ಫೋನಿನಲ್ಲಿ ಯಾರು ನೋಡುತ್ತಾರೆ ಎಂದು ಚಂದಮ್ಮ ಬಿದ್ದು ಬಿದ್ದು ನಕ್ಕಳು. ನಗಲಿ. ಸೆರಗಿಲ್ಲದೆ ನನ್ನ ಬೆರಳು ಆ ಹೆಸರನ್ನು ಒತ್ತಲೇ ಇಲ್ಲ.

"ಹಲೋ, ಅತ್ತಿಯಾರ?" ಎಂದರು ನಿಮ್ಮ ಅಪ್ಪ. ಹಿಂದೆ ಗುಡುಗಿನಂಥ ಸದ್ದು. ಅದು ಸಮುದ್ರವಂತೆ.

ನಾನು ತೊಟ್ಟಿಯ ಕಡೆ ತಿರುಗಿ, "ಜಿಲೇಬಿ, ಹುಡುಗ್ರಿಗಿ ಫೋನ್ ಕೊಡಂತ ಹೇಳು" ಎಂದೆ.

ಆ ಕಡೆಯಿಂದ ಅವರು ಮೆಲ್ಲಗೆ, "ಜಿಲೇಬಿ, ಹುಡುಗ್ರು ನೀರಾಗ ಅದಾರಂತ ಹೇಳು. ಸುವರ್ಣಾನೂ ನೀರಾಗ ಅದಾಳ. ನಾ ಒಬ್ಬಾಂವ ದಂಡಿಗಿ ಚಪ್ಪಲಿ ಕಾಯಾಕತ್ತೀನಿ" ಎಂದರು.

ಚಂದಮ್ಮ ಹಣೆ ಬಡಿದುಕೊಂಡಳು. "ಎಂಥ ಶಾಣ್ಯಾ ಮಂದಿ ಸಿಕ್ಕೀರಿ! ಆ ಮೀನ ತಾನs ಉಸರಿಗಿ ಹೈರಾಣ ಆಗ್ಯಾದ, ಅದರ ಕೈಲೆ ಟಪಾಲ ಕಳಸಾಕತ್ತೀರಿ. ಬಾಯಿಬಿಟ್ಟ ಮಾತಾಡs!"

ನಾನು ಹಪ್ಪಳದ ಕಡೆ ನೋಡಿದೆ. ಕಣ್ಣು ಮುಚ್ಚಿಕೊಂಡು ಹೇಳಿದೆ.

"ಅಳಿಯಾರ, ನಾ ನಿಮ್ಮ ಸಮುದ್ರಕ್ಕ ಉಪ್ಪ ಹೆಚ್ಚ ಹಾಕೀನಿ."

"ಏನಂದ್ರಿ?"

"ಸಮುದ್ರಕ್ಕರಿ. ಉಪ್ಪ ಹೆಚ್ಚಾಗ್ಯಾದ."

ನಿಮ್ಮ ಅಪ್ಪನಿಗೆ ಎದುರಿಗೆ ಅಷ್ಟುದ್ದ ಸಮುದ್ರ ಕಾಣುತ್ತಿತ್ತಂತೆ. ನನ್ನ ಮಾತು ಕೇಳಿ ಅದನ್ನೊಮ್ಮೆ ನೋಡಿದರಂತೆ. ಆಮೇಲೆ, "ಸೂಜಿ ಎಲ್ಲಿ ಅದರಿ?" ಎಂದು ಕೇಳಿದರು. ಹೇಳಿದೆ. ದಿನಾ ಯಾವ ನೀರು ಹಾಕಿದೆ, ಯಾಕೆ ಹಾಕಿದೆ, ಬೇಸಿಗೆಯ ಹೆಚ್ಚಿನ ಹಿಡಿ, ಎಲ್ಲ ಹೇಳಿದೆ. ಚಂದಮ್ಮನ ದೃಷ್ಟಿಯನ್ನೂ ಹೇಳಿದೆ. ಬೈಯುತ್ತಾರೆ ಎಂದುಕೊಂಡೆ.

"ತಪ್ಪ ನಂದೇ ಅತ್ತಿಯಾರ. ಯಾವ ನೀರಂತ ನಾ ಮೀನಿಗಿ ಹೇಳಲಿಲ್ಲ" ಎಂದರು. "ಈಗ ಗಡಬಡ ಮಾಡಬ್ಯಾಡ್ರಿ. ಕೊಡ ಪೂರಾ ಸುರುವಿದ್ರ ಅವು ತಡಿಯಂಗಿಲ್ಲ. ಒಂದ ಚೊಂಬ ತೊಟ್ಟೀದು ಹೊರಗ ತೆಗೀರಿ, ಒಂದ ಚೊಂಬ ಫಿಲ್ಟರ್ ನೀರ ನಿಧಾನ ಹಾಕ್ರಿ. ಎರಡ ತಾಸ ಬಿಟ್ಟ ಮತ್ತೊಂದು. ಲೈಟ್ ಆರಿದ ಮ್ಯಾಲ ಬ್ಯಾಡ. ತಾಮ್ರದ ಚೊಂಬ ಮಾತ್ರ ಮುಟ್ಟಬ್ಯಾಡ್ರಿ, ತಾಮ್ರ ಅವಕ್ಕ ವಿಷ. ಸ್ಟೀಲಿಂದು ತಗೋರಿ. ಮೂರ ದಿನ ಹಿಡೀತದ. ನಾ ಫೋನ್ ಮಾಡ್ತಿರ್ತೀನಿ."

ಬಸು, ನೀನು ಆವತ್ತು ಸಂಜೆ ಫೋನಿನಲ್ಲಿ ಏನು ಹೇಳಿದೆ ನೆನಪಿದೆಯೇ? "ಆಯಿ, ಪಪ್ಪಾಗ ಏನ ಆಗ್ಯಾದೋ, ದಂಡಿಗಿ ಚಡ್ಡಿ ಮ್ಯಾಲ ಕೂತಾಂವ ಫೋನ್ ಬಂದಕೂಡ್ಲೆ ಎದ್ದು ನಿಂತು, ಅಂಗಿ ಹಾಕ್ಕೊಂಡು, ಗುಂಡಿ ಎಲ್ಲಾ ಹಚ್ಚಿ ಆಮ್ಯಾಲ ಎತ್ತಿದ" ಎಂದೆ. ನಾನು ಇಲ್ಲಿ ಸೆರಗು ಹೊದೆಯುವಾಗ ಅವರು ಅಲ್ಲಿ ಅಂಗಿಯ ಗುಂಡಿ ಹಾಕುತ್ತಿದ್ದರು.

ಮೂರು ದಿನ ಒಂದು ಚೊಂಬು ಹೊರಗೆ, ಒಂದು ಚೊಂಬು ಒಳಗೆ. ಚಂದಮ್ಮ ಗಡಿಯಾರ ನೋಡುವವಳು, ನಾನು ಸುರಿಯುವವಳು. ಎರಡು ತಾಸಿಗೊಮ್ಮೆ ನಿಮ್ಮ ಅಪ್ಪನ ಫೋನು. ಮೊದಲು ಸೂಜಿಯ ಮಾತು ಮಾತ್ರ. ಆಮೇಲೆ ಊಟದ ಮಾತು ಬಂತು. ಎರಡನೆಯ ದಿನ ಮಧ್ಯಾಹ್ನ ಅವರು ಸ್ವಲ್ಪ ಕೆಮ್ಮಿ, "ಅತ್ತಿಯಾರ, ಸಿಟ್ಟ ಆಗಬ್ಯಾಡ್ರಿ, ಒಂದ ಮಾತ. ಪುಂಡಿಪಲ್ಯ ನನಗ ಸೇರಂಗಿಲ್ಲ" ಎಂದರು.

ನಾನು ಚೊಂಬು ಕೆಳಗಿಟ್ಟೆ. ನಾನು ಈ ಮನೆಗೆ ಬಂದ ಮೊದಲ ವಾರ ಅವರು ತಟ್ಟೆ ಖಾಲಿ ಮಾಡಿದರೆಂದು ಪ್ರತಿ ಬುಧವಾರ ತಪ್ಪದೆ ಮಾಡುತ್ತಿದ್ದೆ. "ಅಯ್ಯ, ನಾಕ ವರ್ಷ ಆತಲ್ಲರಿ! ಮೊದಲs ಹೇಳಬಾರದೇನ್ರಿ?"

"ಮೀನಿಗಿ ಹೇಳಿದ್ದೆರಿ. ಆಗ ನೀವು ಮಿಕ್ಸರ್ ಹಚ್ಚಿದ್ರಿ."

ಅವರು ಅಷ್ಟು ಹೇಳಿದ ಮೇಲೆ ನಾನೂ ಸುಮ್ಮನಿರುವುದು ನ್ಯಾಯವಲ್ಲ. ಅವರು ವರ್ಷದಿಂದ ಹುಡುಕುತ್ತಿದ್ದ ಹಸಿರು ಅಂಗಿಯನ್ನು ನೆಲ ಒರೆಸುವ ಅರಿವೆ ಮಾಡಿದ್ದು ನಾನೇ ಎಂದು ಒಪ್ಪಿಕೊಂಡೆ. ಇಬ್ಬರೂ ನಕ್ಕೆವು. ಜಿಲೇಬಿ ಗಾಜಿನ ಹತ್ತಿರ ಬಂದು ನೋಡಿತು. ಅದು ಮೂಲೆ ಬಿಟ್ಟು ಹೊರಗೆ ಬಂದದ್ದು ಅದೇ ಮೊದಲು.

ಏಳನೆಯ ದಿನ ಸಂಜೆ ಸೂಜಿ ಹಸಿರಿಗೆ ಬಂತು. ಹವಳ ಮಾತ್ರ ಮುಚ್ಚಿಯೇ ಇತ್ತು. ಎಂಟನೆಯ ದಿನ ಬೆಳಿಗ್ಗೆ ಲೈಟು ಹತ್ತುವ ಹೊತ್ತಿಗೆ ನಾನೂ ಚಂದಮ್ಮನೂ ತೊಟ್ಟಿಯ ಮುಂದೆ ಕೂತಿದ್ದೆವು, ಹೆರಿಗೆ ಕೋಣೆಯ ಹೊರಗೆ ಕೂತವರಂತೆ. ಮೊದಲು ಬಸ್ಸಿನವರಲ್ಲಿ ಒಬ್ಬ ಕೈ ಎತ್ತಿದ. ಆಮೇಲೆ ಗುಂಡಿಹೂಗಳು ಒಂದೊಂದಾಗಿ. ಹಪ್ಪಳ ಬಹಳ ಹೊತ್ತು ಯೋಚಿಸಿತು. ನೀವು ಜೇವರ್ಗಿ ದಾಟಿದ್ದೀರೆಂದು ಫೋನು ಬಂದಾಗ ಅದರ ಒಂದು ಅಂಚು ಮೇಲೆದ್ದಿತು, ಅಷ್ಟೇ, ಪರರ ಮನೆಯಲ್ಲಿ ಹಪ್ಪಳ ಮುರಿಯಲು ನಾಚುವವರ ಹಾಗೆ. ನೀವು ಗೇಟು ತೆರೆಯುವಾಗ ಪೂರಾ ಅರಳಿತ್ತು. ಅಕ್ಷತಾ ಚಪ್ಪಲಿ ಬಿಡದೆ ಓಡಿ ಬಂದು ಅದಕ್ಕೆ, "ನಾ ಬಂದೆ" ಎಂದಳು. ಚಂದಮ್ಮ ಅಡುಗೆಮನೆಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡು, ಮೆಣಸಿನಕಾಯಿ ಘಾಟು ಇನ್ನೂ ಇದೆ ಎಂದಳು.

ಕಲ್ಲಿನ ಎಡ ಮೂಲೆಯ ಗುಂಡಿಹೂಗಳು ಮಾತ್ರ ತಿರುಗಿ ಬರಲಿಲ್ಲ. ಆ ಖಾಲಿ ಜಾಗ ತೋರಿಸಿ ಅಕ್ಷತಾ ಕೇಳಿದಾಗ ನಾನು, "ಬಸವನಹುಳ ತಿಂದಿರಬೇಕು" ಎಂದೆ. ಸುಳ್ಳು ಮಕ್ಕಳೇ. ಆ ಬಸವನಹುಳ ಏನೂ ತಪ್ಪು ಮಾಡಿಲ್ಲ. ನೀವು ಅದನ್ನು ಒಂದು ವಾರ ಬೈದಿರಿ. ಬೇಕಾದರೆ ಈಗ ನನ್ನನ್ನು ಬೈಯಿರಿ, ಒಂದು ವಾರ ಸಾಕು.

ಆವತ್ತು ನಿಮ್ಮ ಅಪ್ಪ ಚೀಲದಿಂದ ಒಂದು ಬಾಟಲಿ ತೆಗೆದರು. ನನಗೆಂದು ತಂದ ಸಮುದ್ರದ ನೀರು. ತೊಟ್ಟಿಗೆ ಕೊಡಲಿಲ್ಲ, ಜಿಲೇಬಿಗೆ ಹೇಳಲಿಲ್ಲ, ಸೀದಾ ಅಡುಗೆಮನೆಯ ಬಾಗಿಲಿಗೆ ಬಂದು ನನ್ನ ಕೈಗೆ ಕೊಟ್ಟರು. ನಾನು ಹಿತ್ತಲಿಗೆ ಹೋಗಲಿಲ್ಲ. ಮುಚ್ಚಳ ತೆಗೆದು, ಅಡುಗೆಯವಳ ರೂಢಿಯಂತೆ ಒಂದು ಹನಿ ಅಂಗೈಗೆ ಹಾಕಿಕೊಂಡು ನೆಕ್ಕಿದೆ. ನಿಮ್ಮ ಅಜ್ಜ ಹೇಳಿದ್ದು ಖರೆ, ಕುಡಿಯಲು ಬರುವುದಿಲ್ಲ. ಆದರೂ ನಾಲಿಗೆಗೆ ಅನಿಸಿದ್ದು ಬಾಯಿಂದ ಬಂದೇಬಿಟ್ಟಿತು.

"ಅಳಿಯಾರ, ಉಪ್ಪ ಜರಾ ಕಡಿಮಿ ಅದರಿ."

ನಿಮ್ಮ ಅಪ್ಪ ಕೈ ಮುಗಿದರು. "ಅತ್ತಿಯಾರ, ಮನ್ಯಾಗಿನ ಸಮುದ್ರ ನಿಮ್ಮ ಕೈಯಾಗೇ ಇರಲಿ. ಆ ದೊಡ್ಡದಕ್ಕ ಮಾತ್ರ ಕೈ ಹಚ್ಚಬ್ಯಾಡ್ರಿ!"

ನಾವಿಬ್ಬರೂ ಯಾಕೆ ಅಷ್ಟು ನಕ್ಕೆವು ಎಂದು ನೀವು ಕೇಳಿದಿರಿ. ಯಾರೂ ಹೇಳಲಿಲ್ಲ. ಇದೇ ಅದರ ಉತ್ತರ. ಉಪ್ಪು ಖಾಲಿಯಾದ ಡಬ್ಬಿಯನ್ನು ತೊಳೆದು ಹಿಟ್ಟಿಗೆ ಇಟ್ಟುಕೊಂಡೆ. ಹೊಸ ಉಪ್ಪಿನ ಡಬ್ಬಿಯನ್ನು ನಿಮ್ಮ ಅಪ್ಪ ನನ್ನ ಕೈಗೆ ಸಿಗದಷ್ಟು ಎತ್ತರದ ಅಟ್ಟದ ಮೇಲೆ ಇಟ್ಟಿದ್ದಾರೆ. ಬುಧವಾರ ಈಗ ಪುಂಡಿಪಲ್ಯ ಇಲ್ಲ.

ಸೆರಗು ಈಗಲೂ ತಾನಾಗಿ ತಲೆಗೆ ಹೋಗುತ್ತದೆ, ಇಷ್ಟು ವರ್ಷದ ಕೈ. ಆದರೆ ಬಾಗಿಲ ಮರೆ ಬಿಟ್ಟು ಹಾಲಿಗೆ ಬಂದು, "ಅಳಿಯಾರ, ಚಹಾ ತಗೋರಿ" ಎನ್ನುತ್ತೇನೆ. ಕೆಲಸ ಹೋದದ್ದು ಮೀನುಗಳಿಗೆ ಇನ್ನೂ ತಿಳಿದಿಲ್ಲ. ನಾನು ಬಾಯಿ ತೆರೆದರೆ ಸಾಕು, ಜಿಲೇಬಿ ಅವಸರದಿಂದ ಗಾಜಿನ ಹತ್ತಿರ ಬಂದು ನಿಲ್ಲುತ್ತದೆ. ಅದಕ್ಕೆ ದಿನಾ ಹೇಳಬೇಕಾಗುತ್ತದೆ, "ನಿನಗಲ್ಲs ಯವ್ವಾ, ಅವರಿಗಿ."